ಯಾರ ಕೈ? : ಒಂದು ತುರ್ಕಿ ಕಾದಂಬರಿಯೂ ನಮ್ಮ ವಿಜಾಪುರವೂ

ಪತ್ತೇದಾರಿ ಕಾದಂಬರಿಯೆಂದರೆ ವಿದ್ವಜ್ಜನರಲ್ಲಿ ಒಂದು ಬಗೆಯ ತಾತ್ಸಾರ ಉಂಟು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಥೆಗಳನ್ನು ಒಂದು ಕಾಲಕ್ಕೆ ಕನ್ನಡ ನಾಡಿನ ಊರೂರಿನಲ್ಲಿ ಓದಿದರು; ಓದಿದ್ದೇವೆಂದು ನಾಲ್ವರೆದುರು ಹೇಳಿಕೊಂಡವರು ಮಾತ್ರ ಕಡಿಮೆ. ಕೊಲೆಯಾಯಿತು, ಕೊಂದವನು ಸಿಕ್ಕಿದ, ಪುಸ್ತಕ ಮುಗಿಯಿತು. ಇದರಲ್ಲಿ ಕಲಿಯುವುದೇನು ಎಂಬುದು ಹಿರಿಯರ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವಾಗಬಲ್ಲ ಕಾದಂಬರಿಯೊಂದನ್ನು ನಾನು ಈಚೆಗೆ ಓದಿದೆ. ಅದರಲ್ಲಿಯೂ ಕೊಲೆಯಿದೆ, ಕೊಂದವನ ಹುಡುಕಾಟವಿದೆ. ಆದರೆ ಅವನನ್ನು ಹಿಡಿದುಕೊಡುವ ಸುಳಿವು ರಕ್ತದ ಕಲೆಯಲ್ಲ, ಹೆಜ್ಜೆಯ ಗುರುತೂ ಅಲ್ಲ. ಚಿತ್ರದಲ್ಲಿರುವ ಕುದುರೆಯೊಂದರ ಮೂಗಿನ ಹೊಳ್ಳೆ! ಈ ಕಾದಂಬರಿ ತುರ್ಕಿ ದೇಶದ್ದು. ಇದನ್ನು ರಾಯಚೂರು ಸೀಮೆಯ ವಿದ್ಯಾರ್ಥಿಗಳಾದ ನಾವು ಓದಬೇಕೆಂಬುದೂ, ಓದಿದ ಮೇಲೆ ಅದರ ಒಂದು ಮುಖ್ಯವಾದ ಮಾತನ್ನು ಒಪ್ಪಬಾರದೆಂಬುದೂ ನನ್ನ ಅಭಿಪ್ರಾಯ. ಎರಡಕ್ಕೂ ಕಾರಣ ಹೇಳಬೇಕಾದದ್ದು ನನ್ನ ಹೊಣೆ.

ಕಾದಂಬರಿಕಾರನ ಹೆಸರು ಓರ್ಹಾನ್ ಪಾಮುಕ್. 2006ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು. ಪುಸ್ತಕದ ಹೆಸರನ್ನು ಕನ್ನಡದಲ್ಲಿ ‘ನನ್ನ ಹೆಸರು ಕೆಂಪು’ ಎನ್ನಬಹುದು. ತುರ್ಕಿ ಭಾಷೆಯಲ್ಲಿ ಅದು ಹೊರಬಂದದ್ದು 1998ರಲ್ಲಿ; ನಾನು ಓದಿದ್ದು ಇಂಗ್ಲಿಷ್ ಅನುವಾದ. ಕಥೆ ನಡೆಯುವುದು 1591ರ ಚಳಿಗಾಲದಲ್ಲಿ, ಹಿಮ ಸುರಿಯುವ ಇಸ್ತಾಂಬುಲ್ ನಗರದಲ್ಲಿ. ಹಿಜರಿ ಸಾವಿರದ ವರ್ಷ ಸಮೀಪಿಸಿದೆ. ಸುಲ್ತಾನನು ಒಂದು ಪುಸ್ತಕವನ್ನು ಗುಟ್ಟಾಗಿ ಸಿದ್ಧಪಡಿಸಲು ಹೇಳಿದ್ದಾನೆ. ಅದರ ಚಿತ್ರಗಳು ಪರಂಗಿಯವರ ರೀತಿಯಲ್ಲಿ, ಎಂದರೆ ವೆನಿಸ್ ನಗರದ ಚಿತ್ರಕಾರರು ಬರೆಯುವ ರೀತಿಯಲ್ಲಿ ಇರಬೇಕು. ಆ ಕೆಲಸದಲ್ಲಿ ತೊಡಗಿದ್ದ, ಹೊನ್ನಿನ ಅಲಂಕಾರ ಬಿಡಿಸುವ ಕುಶಲಿಯೊಬ್ಬನನ್ನು ಯಾರೋ ಕೊಂದು ಹಾಳುಬಾವಿಗೆ ಎಸೆದಿದ್ದಾರೆ. ಮೊದಲ ಅಧ್ಯಾಯದಲ್ಲಿ ಮಾತನಾಡುವುದೇ ಆ ಹೆಣ! ಮುಂದೆ ನಾಯಿ, ಮರ, ಚಿನ್ನದ ನಾಣ್ಯ, ಸಾವು, ಕೊನೆಗೆ ಕೆಂಪು ಬಣ್ಣ, ಹೀಗೆ ಒಂದೊಂದೂ ತನ್ನ ಬಾಯಿಂದಲೇ ತನ್ನ ಕಥೆ ಹೇಳುತ್ತದೆ. ಕೊಲೆಗಾರನೂ ಮಾತನಾಡುತ್ತಾನೆ, ಆದರೆ ತಾನು ಯಾರೆಂಬುದನ್ನು ಬಿಟ್ಟುಕೊಡುವುದಿಲ್ಲ. ಸಂಶಯವೆಲ್ಲ ಮೂವರು ಚಿತ್ರಕಾರರ ಮೇಲೆ. ಕಾರ್ಖಾನೆಯಲ್ಲಿ ಅವರಿಗಿರುವ ಅಡ್ಡಹೆಸರು ಚಿಟ್ಟೆ, ಕೊಕ್ಕರೆ, ಆಲಿವ್. ಮೂವರಿಗೂ ವಿದ್ಯೆ ಕಲಿಸಿದವನು ಉಸ್ತಾದ್ ಉಸ್ಮಾನ್. ಕೊಂದವನು ಯಾರೆಂದು ನಾನು ಇಲ್ಲಿ ಹೇಳಿಬಿಟ್ಟರೆ ಪುಸ್ತಕ ಕೈಗೆತ್ತಿಕೊಳ್ಳುವವರಿಗೆ ದ್ರೋಹ ಬಗೆದಂತಾದೀತು.

ಹೇಳಬೇಕಾದದ್ದು ಬೇರೆಯಿದೆ. ಹೆಣದ ಬಳಿ ಸಿಕ್ಕ ಕುದುರೆಯ ಚಿತ್ರವನ್ನು ಬರೆದ ಕೈ ಮೂವರಲ್ಲಿ ಯಾರದು? ಇದನ್ನು ಕಂಡುಹಿಡಿಯುವುದು ಸುಲಭವಲ್ಲ. ಏಕೆಂದರೆ ಆ ಕುಶಲಿಗಳೆಲ್ಲ ತಮ್ಮ ಕೈಯ ಗುರುತು ಉಳಿಯದಂತೆ ಬರೆಯಲು ಬಾಲ್ಯದಿಂದ ಕಲಿತವರು. ಹೆರಾತಿನ ಪೂರ್ವಸೂರಿಗಳು, ಅದರಲ್ಲಿಯೂ ಮಹಾನುಭಾವನಾದ ಬಿಹ್ಜಾದ್, ಬರೆದಂತೆಯೇ ಬರೆಯುವುದು ಅವರ ಧರ್ಮ. ಕುದುರೆಯೆಂದರೆ ದೇವರ ಸಂಕಲ್ಪದಲ್ಲಿ ಇರುವ ಕುದುರೆ. ಬೀದಿಯಲ್ಲಿ ಕಂಡ ಒಂದು ಕುದುರೆಯಲ್ಲ. ಆದ್ದರಿಂದ ಚಿತ್ರದ ಕೆಳಗೆ ಹೆಸರು ಹಾಕುವುದು ಅಹಂಕಾರ. ‘ಶೈಲಿ’ ಎಂದು ನಾವು ಹೊಗಳುವ ಗುಣ ಅವರ ದೃಷ್ಟಿಯಲ್ಲಿ ಒಂದು ಊನ, ಕೈತಪ್ಪಿನಿಂದ ಉಳಿದುಹೋದ ಕಲೆ. ಪರಂಗಿಯವರ ಚಿತ್ರಕಾರರಾದರೋ ಹೆಸರು ಹಾಕುವರು, ನೆರಳು ಬರೆಯುವರು, ದೂರದ್ದನ್ನು ಚಿಕ್ಕದಾಗಿ ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವರು, ಒಬ್ಬ ಮನುಷ್ಯನ ಮುಖ ಇನ್ನೊಬ್ಬನದರಂತೆ ಇರದ ಹಾಗೆ ಬಿಡಿಸುವರು. ಈ ಹೊಸ ರೀತಿಯನ್ನು ಕೈಗೊಂಡರೆ ಹಳೆಯದು ಸಾಯುತ್ತದೆ. ಕೈಗೊಳ್ಳದಿದ್ದರೆ ಕಾಲ ತಮ್ಮನ್ನು ದಾಟಿ ಹೋಗುತ್ತದೆ. ಇದೇ ಅವರ ಸಂಕಟ. ಕೊಲೆಗೆ ಮೂಲವಾದದ್ದೂ ಈ ಸಂಕಟವೇ.

ಈ ವಾದವನ್ನು ಓದುವಾಗ ನಮ್ಮ ನಾಡಿನ ವಿದ್ಯಾರ್ಥಿಗೆ ಏನೂ ಹೊಸತೆನಿಸದು. ಹೆಸರನ್ನು ಹಾಕಬೇಕೆ ಬೇಡವೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಹಲವು ಉತ್ತರ ಕೊಟ್ಟಿದ್ದಾರೆ. ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನ ಹೆಸರು, ಅನಿವಾರಿತಾಚಾರಿ ಎಂಬ ಅವನ ಬಿರುದಿನೊಡನೆ, ಅಲ್ಲಿಯ ಕಲ್ಲಿನ ಮೇಲೆಯೇ ಇದೆ. ಹೊಯ್ಸಳರ ಶಿಲ್ಪಿ ಮಲ್ಲಿತಮ್ಮ ತಾನು ಕಡೆದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರನ್ನು ಸಂಕೋಚವಿಲ್ಲದೆ ಕೊರೆದ. ವಚನಕಾರರು ಬೇರೊಂದು ದಾರಿ ಹಿಡಿದರು: ಮುದ್ರೆಯನ್ನು ಹಾಕಿದರು, ಆದರೆ ಆ ಮುದ್ರೆಯಲ್ಲಿ ತಮ್ಮ ಹೆಸರಿಲ್ಲ, ತಮ್ಮ ದೇವರ ಹೆಸರಿದೆ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನೆಂದು ಮಗುವೂ ಹೇಳುತ್ತದೆ. ನಮ್ಮ ಮಾನವಿಯ ಜಗನ್ನಾಥದಾಸರೂ ತಮ್ಮ ಅಂಕಿತದಲ್ಲಿ ವಿಠಲನೊಡನೆ ಸೇರಿಹೋದರು. ಅಡಗುವುದೂ ಕಾಣಿಸಿಕೊಳ್ಳುವುದೂ ಒಂದೇ ಮಾತಿನಲ್ಲಿ ಸಾಧ್ಯ ಎಂಬುದನ್ನು ಅಂಕಿತ ಕಲಿಸಿತು.

ಇನ್ನು ಮಸ್ಕಿಯವರಿಗೆ ಹೆಸರಿನ ಮಹತ್ವವನ್ನು ಬೇರೆಯವರು ಹೇಳಬೇಕಾಗಿಲ್ಲ. ದೇಶದುದ್ದಕ್ಕೂ ಬಂಡೆಗಳ ಮೇಲೆಯೂ ಕಂಬಗಳ ಮೇಲೆಯೂ ದೇವಾನಾಂಪ್ರಿಯನೆಂಬ, ಪ್ರಿಯದರ್ಶಿಯೆಂಬ ದೊರೆಯ ಶಾಸನಗಳಿದ್ದವು. 1837ರಲ್ಲಿ ಪ್ರಿನ್ಸೆಪ್ ಆ ಲಿಪಿಯನ್ನು ಓದಿದ. ಆ ದೊರೆ ಅಶೋಕನಿರಬೇಕೆಂದು ಸಿಂಹಳದ ಗ್ರಂಥಗಳ ನೆರವಿನಿಂದ ಊಹಿಸಿದರು. ಊಹೆಗೆ ಕಲ್ಲಿನ ಸಾಕ್ಷಿ ದೊರೆತದ್ದು 1915ರಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವನು ನಮ್ಮೂರಿನ ಗುಡ್ಡದಲ್ಲಿ ಕಂಡ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಮುಂದೆ ಗುಜರ್ರಾ, ನಿಟ್ಟೂರು, ಉದೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಮೊದಲನೆಯ ಗೌರವ ಮಾತ್ರ ಮಸ್ಕಿಗೇ ಉಳಿಯಿತು. ‘ಇದು ಯಾರ ಮಾತು?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದಾಗ ಇತಿಹಾಸ ಎಷ್ಟು ಗಟ್ಟಿಯಾಗುತ್ತದೆ ಎಂಬುದಕ್ಕೆ ನಮ್ಮ ಬಂಡೆಯೇ ನಿದರ್ಶನ. ಪಾಮುಕನ ಪುಸ್ತಕವೂ ಅದೇ ಪ್ರಶ್ನೆಯನ್ನು ನಾಲ್ಕುನೂರಕ್ಕಿಂತ ಹೆಚ್ಚು ಪುಟಗಳಲ್ಲಿ ಕೇಳುತ್ತದೆ: ಇದು ಯಾರ ಕೈ?

ಇಲ್ಲಿಯವರೆಗೆ ಪುಸ್ತಕದ ಹೊಗಳಿಕೆಯಾಯಿತು. ಒಪ್ಪಲಾಗದ ಮಾತು ಯಾವುದೆಂದರೆ, ಅದು ಓದುಗನ ಮುಂದೆ ಎರಡೇ ದಾರಿಗಳನ್ನು ಇಡುತ್ತದೆ. ಒಂದು ಹೆರಾತಿನ ಹಳೆಯ ದಾರಿ, ಇನ್ನೊಂದು ವೆನಿಸಿನ ಹೊಸ ದಾರಿ. ಇವೆರಡೂ ಕೂಡಿದಲ್ಲಿ ಹಾದರವೋ ಕೊಲೆಯೋ ಆಗಲೇಬೇಕು ಎಂಬ ಭಾವನೆ ಪುಸ್ತಕದ ತುಂಬ ಹರಡಿದೆ. ಇಸ್ತಾಂಬುಲಿನ ಮಟ್ಟಿಗೆ ಇದು ಸರಿಯಿದ್ದೀತು. ಮುಸ್ಲಿಂ ದೊರೆಗಳ ಆಸ್ಥಾನ ಚಿತ್ರಕಲೆಗೆಲ್ಲ ಇದೇ ಹಣೆಬರಹವೆಂದು ಓದುಗನು ತಿಳಿದರೆ ಅದು ಸುಳ್ಳಾಗುತ್ತದೆ. ಕುತೂಹಲದ ಸಂಗತಿಯೆಂದರೆ ಕಾದಂಬರಿಯೇ ಒಂದು ಕಿಟಕಿಯನ್ನು ತೆರೆದಿಟ್ಟಿದೆ. ಕೊಲೆಗಾರನು ಕೊನೆಯಲ್ಲಿ ಹಡಗು ಹತ್ತಿ ಹಿಂದುಸ್ತಾನಕ್ಕೆ, ಚಿತ್ರಕಾರರನ್ನು ಕರೆದು ಕೂಡಿಸಿಕೊಳ್ಳುತ್ತಿರುವ ಅಕ್ಬರನ ಆಸ್ಥಾನಕ್ಕೆ ಓಡಿಹೋಗಲು ಹವಣಿಸುತ್ತಾನೆ. ಕಾದಂಬರಿಕಾರ ಆ ಕಿಟಕಿಯ ಹತ್ತಿರ ಬಂದು ಹಿಂದಿರುಗಿದ. ನಾವು ಆ ಕಿಟಕಿಯ ಇತ್ತ ಕಡೆ ಇರುವವರು. ಇತ್ತಣ ಸುದ್ದಿಯನ್ನು ನಾವೇ ಹೇಳಬೇಕು.

ಹಾಗೆ ನಿಜವಾಗಿಯೂ ಬಂದವನೊಬ್ಬನಿದ್ದ. ಫರ್ರುಖ್ ಬೇಗ್ ಎಂಬ ಚಿತ್ರಕಾರ 1585ರಲ್ಲಿ ಕಾಬೂಲಿನಿಂದ ಬಂದು ಅಕ್ಬರನ ಸೇವೆಗೆ ಸೇರಿದ. ಕೆಲವು ವರ್ಷಗಳ ಮೇಲೆ ಅವನ ಸುಳಿವು ಅಲ್ಲಿ ತಪ್ಪುತ್ತದೆ. 1609ರ ಸುಮಾರಿಗೆ ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಅವನಿಗೆ ಎರಡು ಸಾವಿರ ರೂಪಾಯಿ ಕೊಟ್ಟ ಸಂಗತಿಯನ್ನು ಬರೆಯುತ್ತಾನೆ. ನಡುವಣ ಕಾಲದಲ್ಲಿ ಎಲ್ಲಿದ್ದ? ಅದೇ ಕಾಲದಲ್ಲಿ ವಿಜಾಪುರದ ಆಸ್ಥಾನಕವಿ ಜುಹೂರಿ, ಫರ್ರುಖ್ ಹುಸೇನ್ ಎಂಬ ಚಿತ್ರಕಾರನನ್ನು ಕೊಂಡಾಡಿದ್ದಾನೆ. ಇಬ್ಬರೂ ಒಬ್ಬನೇ ಎಂದು 1957ರಲ್ಲಿ ರಾಬರ್ಟ್ ಸ್ಕೆಲ್ಟನ್ ಎಂಬ ವಿದ್ವಾಂಸ ಸೂಚಿಸಿದ. ಚಿತ್ರಗಳನ್ನೂ ಅವುಗಳ ಮೇಲಣ ಬರಹಗಳನ್ನೂ ಹೋಲಿಸಿ ನೋಡಿದ ಮುಂದಿನವರು ಆ ಸೂಚನೆಯನ್ನು ಬಲಪಡಿಸಿದರು. ಕುದುರೆಯ ಹೊಳ್ಳೆಯನ್ನು ನೋಡಿ ಕೊಲೆಗಾರನನ್ನು ಹಿಡಿಯುವ ಉಸ್ತಾದ್ ಉಸ್ಮಾನನ ವಿದ್ಯೆಗೂ ಈ ಸಂಶೋಧನೆಗೂ ಎಷ್ಟು ಹತ್ತಿರದ ನಂಟು!

ಫರ್ರುಖನನ್ನು ಕರೆಸಿಕೊಂಡ ದೊರೆ ಎರಡನೆಯ ಇಬ್ರಾಹಿಂ ಆದಿಲಶಾಹ. 1580ರಿಂದ 1627ರವರೆಗೆ ಆಳಿದವನು. ಎಂದರೆ ಪಾಮುಕನ ಹೆಣ ಬಾವಿಯಲ್ಲಿ ಬಿದ್ದಿದ್ದ ವರ್ಷದಲ್ಲಿ ವಿಜಾಪುರದ ಸಿಂಹಾಸನದ ಮೇಲಿದ್ದವನು ಇವನೇ. ಇವನು ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ, ಕಲಬುರ್ಗಿಯ ಬಂದೇನವಾಜರ ಸ್ತುತಿಯೂ ಇದೆ. ಜನರು ಅವನನ್ನು ಜಗದ್ಗುರುವೆಂದು ಕರೆದರು. ತನ್ನ ತಂಬೂರಿಗೆ ಅವನು ಮೋತಿಖಾನ್ ಎಂದು ಹೆಸರಿಟ್ಟಿದ್ದ. ಆ ತಂಬೂರಿಯನ್ನು ನುಡಿಸುತ್ತಿರುವ ಇಬ್ರಾಹಿಮನ ಚಿತ್ರ ಇಂದು ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಇಸ್ತಾಂಬುಲಿನ ಚಿತ್ರಕಾರರು ಯಾವ ಪರಂಗಿ ರೀತಿಗೆ ನಡುಗಿದರೋ ಆ ರೀತಿಯವನೊಬ್ಬನನ್ನು ಇಬ್ರಾಹಿಂ ಆಸ್ಥಾನದಲ್ಲಿಯೇ ಇಟ್ಟುಕೊಂಡ. ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ 1610ರ ಸುಮಾರಿಗೆ ವಿಜಾಪುರ ಸೇರಿದವನು, ಸುಲ್ತಾನನ ಸೇವೆಯಲ್ಲಿಯೇ ಉಳಿದ. ಯಾರೂ ಯಾರನ್ನೂ ಅದಕ್ಕಾಗಿ ಬಾವಿಗೆ ನೂಕಲಿಲ್ಲ.

ಆಸ್ಥಾನದ ಆ ಉದಾರಬುದ್ಧಿ ಚಿತ್ರದಲ್ಲಿ ಹೇಗೆ ಫಲಿಸಿತು ಎಂಬುದನ್ನು ನೋಡಲು ಒಂದು ಚಿತ್ರ ಸಾಕು. ಕೈಯಲ್ಲಿ ಗೊರವಂಕ ಹಿಡಿದು ನಿಂತ ಯೋಗಿನಿಯ ಚಿತ್ರವದು. ನಾನು ಅದರ ಮುದ್ರಿತ ಪ್ರತಿಯನ್ನು ಮಾತ್ರ ಬಲ್ಲೆ. ವಿಭೂತಿ ಬಳಿದ ಮುಖ, ನೆತ್ತಿಯ ಮೇಲೆ ಕಟ್ಟಿದ ಜಡೆಯ ಮುಡಿ. ಇದು ನಮ್ಮ ನೆಲದ ಯೋಗಿನಿ. ಅವಳ ಸುತ್ತ ಅವಳಷ್ಟೇ ಎತ್ತರಕ್ಕೆ ಅರಳಿದ ಹೂವುಗಳು ಚೀನದ ಕಡೆಯಿಂದ ಬಂದಂತಿವೆ. ಹಿಂದಿನ ಬೆಟ್ಟದ ಏರು ಇರಾನಿನ ಪುಸ್ತಕಚಿತ್ರಗಳದು. ದೂರದಲ್ಲಿ ಪುಟ್ಟದಾಗಿ ಒಂದು ಬಿಳಿಯ ಅರಮನೆ. ಇಷ್ಟೆಲ್ಲ ಸೇರಿಯೂ ಚಿತ್ರ ಕಲಸುಮೇಲೋಗರವಾಗಿಲ್ಲ. ಒಂದು ಸ್ವಪ್ನದಂತೆ ಏಕವಾಗಿದೆ. ಹೆರಾತೂ ಅಲ್ಲ, ವೆನಿಸೂ ಅಲ್ಲ. ಪಾಮುಕನ ಲೆಕ್ಕದಲ್ಲಿ ಇಲ್ಲದ ಮೂರನೆಯ ದಾರಿ ಇದು. ನಮ್ಮಿಂದ ಒಂದು ದಿನದಲ್ಲಿ ಹೋಗಿ ಬರಬಹುದಾದ ಊರಿನಲ್ಲಿ ಆ ದಾರಿಯನ್ನು ನಡೆದು ತೋರಿಸಿದರು.

ಇದಕ್ಕೆ ಒಂದು ಆಕ್ಷೇಪವನ್ನು ನಾನು ಬಲ್ಲೆ. ಸುಲ್ತಾನರ ರಸಿಕತೆಯನ್ನು ಹೊಗಳುವಾಗ 1565ನ್ನು ಮರೆಯಬಹುದೆ? ರಕ್ಕಸಗಿ ತಂಗಡಗಿಯ ಕಾಳಗವಾದ ಮೇಲೆ ವಿಜಯನಗರ ಏನಾಯಿತು? ರಾಯಚೂರು ಮುದಗಲ್ಲುಗಳ ಕೋಟೆಗಳಿಗಾಗಿ ಎಷ್ಟು ಸಲ ಈ ದೋಆಬಿನ ರೈತನ ಹೊಲ ಕುದುರೆಗಳ ಕಾಲಿಗೆ ಸಿಕ್ಕಿತು? ಆಕ್ಷೇಪ ನ್ಯಾಯವಾದದ್ದು. ಹಂಪಿಯ ಹಾಳನ್ನು ಹಾಡಿನಿಂದ ಮುಚ್ಚಲಾಗದು. ಆದರೆ ಇದೇ ಇತಿಹಾಸದಲ್ಲಿ ಇನ್ನೊಂದು ಸಂಗತಿಯೂ ಇದೆ. 1565ರ ಕಾಳಗದಲ್ಲಿ ವಿಜಯನಗರದ ವಿರುದ್ಧ ನಿಂತ ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿಯೇ, ಐದು ವರ್ಷಗಳ ಮೇಲೆ, 1570ರಲ್ಲಿ ‘ನುಜೂಮ್-ಉಲ್-ಉಲೂಮ್’ ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಗ್ರಹಗಳು, ರಾಶಿಗಳು, ಮಂತ್ರದ ಶಕ್ತಿಗಳು ಅದರಲ್ಲಿ ಈ ನಾಡಿನ ಉಡುಗೆ ತೊಡುಗೆಯಲ್ಲಿ ಕುಳಿತಿವೆ. ಕೋಟೆಯನ್ನು ಕೆಡಹಿದ ರಾಜ್ಯವೇ ಕೆಡಹಿದವರ ವಿದ್ಯೆಯನ್ನು ಬರೆಸಿಟ್ಟುಕೊಂಡಿತು. ದೊರೆಯನ್ನು ಹೊಗಳಬೇಕಾಗಿಲ್ಲ, ಆ ಹಾಳೆಯ ಮೇಲೆ ಬಾಗಿ ಕುಳಿತ, ಹೆಸರು ತಿಳಿಯದ ಕೈಯನ್ನು ನೆನೆಯಬೇಕು. ಆ ಕೈ ಯುದ್ಧ ಹೂಡಲಿಲ್ಲ.

ಆ ಕೈಗೆ ಮುಂದೆ ಒದಗಿದ ಗತಿ ಏನು? 1686ರಲ್ಲಿ ವಿಜಾಪುರ ಔರಂಗಜೇಬನ ವಶವಾಯಿತು. ಚಿತ್ರಗಳು ಗಾಳಿಗೆ ಸಿಕ್ಕ ಎಲೆಗಳಂತೆ ಚದರಿದವು. ನಮ್ಮ ನೆರೆಯ ಆದವಾನಿಯಲ್ಲಿ ಮೊಗಲರ ಪರವಾಗಿ ಅಧಿಕಾರದಲ್ಲಿದ್ದ ಬಿಕಾನೇರಿನ ಮಹಾರಾಜ ಅನೂಪಸಿಂಹನ ಮೂಲಕ ಹಲವು ಚಿತ್ರಗಳು ರಾಜಸ್ಥಾನಕ್ಕೆ ಹೋದವು. ಯೋಗಿನಿಯೂ ನುಜೂಮ್ ಗ್ರಂಥವೂ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿವೆ. 1983ರಲ್ಲಿ ಮಾರ್ಕ್ ಜೆಬ್ರೋವ್ಸ್ಕಿ ಎಂಬ ವಿದ್ವಾಂಸ ದಖನಿನ ಚಿತ್ರಕಲೆಯ ಮೇಲೆ ಬೃಹದ್ಗ್ರಂಥ ಬರೆದಾಗ, ಹೆಸರಿಲ್ಲದ ಈ ಕುಶಲಿಗಳ ಕೈಗಳನ್ನು ಬೇರೆಬೇರೆಯಾಗಿ ಗುರುತಿಸಿ, ಚಿತ್ರಗಳಿರುವ ಊರಿನ ಹೆಸರನ್ನೇ ಅವರಿಗೆ ಇಟ್ಟ. ಯೋಗಿನಿಯನ್ನು ಬರೆದವನು ‘ಡಬ್ಲಿನ್ ಚಿತ್ರಕಾರ’. ಇನ್ನೊಬ್ಬ ‘ಬಿಕಾನೇರ್ ಚಿತ್ರಕಾರ’. ಮತ್ತೊಬ್ಬ ‘ಲೆನಿನ್‌ಗ್ರಾಡ್ ಚಿತ್ರಕಾರ’. ಡಬ್ಲಿನ್ನನ್ನು ಕಾಣದವನು ಡಬ್ಲಿನ್ನಿನವನಾದ. ವಿದ್ವಾಂಸನ ಮೇಲೆ ತಪ್ಪಿಲ್ಲ; ಕಳೆದುಹೋದ ಮಗುವಿಗೆ ಸಾಕಿದವರು ಹೆಸರಿಡುತ್ತಾರೆ. ಆದರೆ ಹೆತ್ತ ಊರಿನವರಾದ ನಮ್ಮಲ್ಲಿ ಎಷ್ಟು ಜನ ಆ ಮಗುವನ್ನು ಹುಡುಕಿದೆವು? ಪಾಮುಕನ ಈ ಕಾದಂಬರಿಗೆ 2003ರಲ್ಲಿ ದೊಡ್ಡ ಬಹುಮಾನವೊಂದು ಬಂದದ್ದೂ ಡಬ್ಲಿನ್ನಿನಿಂದಲೇ. ಬಹುಮಾನ ಪಡೆದ ಪುಸ್ತಕವನ್ನು ಜಗತ್ತು ಓದಿತು. ಅದೇ ನಗರದಲ್ಲಿದ್ದ ನಮ್ಮ ಯೋಗಿನಿಯನ್ನು ನಾವೇ ಕೇಳಲಿಲ್ಲ.

ನಿರಾಶೆಗೆ ಕಾರಣವಿಲ್ಲ. ‘ಲೆನಿನ್‌ಗ್ರಾಡ್ ಚಿತ್ರಕಾರ’ನದೆಂದು ಕರೆದ, ಇಬ್ರಾಹಿಂ ಕುದುರೆಯೇರಿ ಡೇಗೆ ಹಿಡಿದು ಬೇಟೆಗೆ ಹೊರಟ ಚಿತ್ರವನ್ನು ಈಚಿನ ವಿದ್ವಾಂಸರು ಫರ್ರುಖ್ ಹುಸೇನನ ಕೃತಿಯೆನ್ನುತ್ತಾರೆ. ಲೆನಿನ್‌ಗ್ರಾಡ್ ತನ್ನ ಹಳೆಯ ಹೆಸರಾದ ಸೇಂಟ್ ಪೀಟರ್ಸ್‌ಬರ್ಗನ್ನು ಮರಳಿ ಪಡೆಯಿತು; ಚಿತ್ರಕಾರನೂ ತನ್ನ ಹೆಸರನ್ನು ಮರಳಿ ಪಡೆದ. ತಾಳ್ಮೆಯಿಂದ ನೋಡುವ ಕಣ್ಣುಗಳಿದ್ದರೆ ಕೈಯ ಗುರುತು ನಾಲ್ಕು ಶತಮಾನ ಕಳೆದರೂ ಅಳಿಯುವುದಿಲ್ಲ.

ಆ ಕಣ್ಣುಗಳನ್ನು ಪಡೆಯಲು ನಾವು ಡಬ್ಲಿನ್ನಿಗೆ ಹೋಗಬೇಕಾಗಿಲ್ಲ. ವಿಜಾಪುರದ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿ: ಕಲ್ಲಿನ ಜಾಲಂಧ್ರವೇ ಅರಬ್ಬಿ ಅಕ್ಷರಗಳು, ಅಕ್ಷರಗಳ ಸಂದಿಯಿಂದಲೇ ಬೆಳಕು. ಆ ಕಟ್ಟಡವನ್ನು ಎಬ್ಬಿಸಿದ ಮಲಿಕ್ ಸಂದಲನ ಹೆಸರು ಅಲ್ಲಿಯ ಶಾಸನದಲ್ಲಿದೆ. ಜಾಲಂಧ್ರ ಕೊರೆದವನ ಹೆಸರನ್ನು ಕೇಳುವವರಿಲ್ಲ. ಕುಮಟಗಿಯ ನೀರಮಹಲುಗಳ ಗೋಡೆಗಳಲ್ಲಿ ಕುಸ್ತಿಯಾಳುಗಳೂ ಚೌಗಾನ್ ಆಡುವ ಸವಾರರೂ ಮಳೆಗಾಳಿಗೆ ಮಾಸುತ್ತ ನಿಂತಿದ್ದಾರೆ. ಇನ್ನೂ ಹತ್ತಿರಕ್ಕೆ ಬನ್ನಿ. ಮುದಗಲ್ಲಿನ ಮೊಹರಂ ಸುತ್ತಣ ಸೀಮೆಗೆಲ್ಲ ಹೆಸರಾದದ್ದು. ಹಿಂದೂಗಳೂ ಮುಸಲ್ಮಾನರೂ ಕೂಡಿ ಅಲಾಯಿ ಕುಣಿಯುವ ಆ ದಿನಗಳಲ್ಲಿ ಹೊತ್ತು ತರುವ ಪಂಜಾಗಳನ್ನು ನಾವೆಲ್ಲ ಕೈಮುಗಿದು ನೋಡಿದ್ದೇವೆ. ಲೋಹದ ಮೇಲೆ ಬಳ್ಳಿಯನ್ನೂ ಅಕ್ಷರವನ್ನೂ ಎಬ್ಬಿಸಿದ ಆ ಕೆಲಸ ಯಾರದು, ಯಾವ ಊರಿನ ಯಾವ ಮನೆತನದ್ದು ಎಂದು ಕೇಳಿದ್ದೇವೆಯೆ?

ಆದಕಾರಣ ಸಹಪಾಠಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಈ ಕಾದಂಬರಿಯನ್ನು ಓದಿರಿ. ಕೊಂದವನು ಯಾರೆಂಬ ಆತುರ ನಿಮ್ಮನ್ನು ಕೊನೆಯ ಪುಟಕ್ಕೆ ಎಳೆದೊಯ್ಯಲಿ; ಅದರಲ್ಲಿ ಲಜ್ಜೆಪಡುವಂಥದೇನೂ ಇಲ್ಲ. ಓದಿ ಮುಗಿಸಿದ ಮೇಲೆ ಅದು ಕಲಿಸಿದ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನಿಮ್ಮ ನಿಮ್ಮ ಊರಿನ ದರ್ಗಾಕ್ಕೆ, ಗುಡಿಗೆ, ಕೋಟೆಯ ಬಾಗಿಲಿಗೆ, ಮನೆಯ ತೊಲೆಯ ಕೆತ್ತನೆಗೆ ಹೋಗಿರಿ. ಕೆಲಸಗಾರರ ಮನೆತನಗಳಲ್ಲಿ ಇನ್ನೂ ನೆನಪಿರುವ ಹಿರಿಯರನ್ನು ಕೇಳಿ ಹೆಸರುಗಳನ್ನು ಬರೆದಿಡಿರಿ. ಗುರುಗಳಲ್ಲಿ ಪ್ರಾರ್ಥನೆಯೂ ಒಂದಿದೆ: ಇತಿಹಾಸದ ಪ್ರವಾಸವೆಂದು ನಮ್ಮನ್ನು ಗೋಳಗುಮ್ಮಟದ ಪ್ರತಿಧ್ವನಿ ಕೇಳಿಸಲು ಕರೆದೊಯ್ಯುವಾಗ, ಇಬ್ರಾಹಿಂ ರೋಜಾದ ಒಂದು ಕಿಟಕಿಯ ಮುಂದೆ ಅರ್ಧ ಗಂಟೆ ನಿಲ್ಲಿಸಿರಿ. ಕೂಗಿದರೆ ಗುಮ್ಮಟ ನಮ್ಮ ದನಿಯನ್ನೇ ನಮಗೆ ಹಿಂದಿರುಗಿಸುತ್ತದೆ; ಕಿಟಕಿಯ ಮುಂದೆ ಸುಮ್ಮನೆ ನಿಂತರೆ ಇನ್ನೊಬ್ಬನ ಕೈ ನಮಗೆ ಕಂಡೀತು. ಒಂದು ಹೆಸರು ಒಂದು ಬಂಡೆಯ ಬೆಲೆಯನ್ನು ಎಷ್ಟು ಹೆಚ್ಚಿಸಬಲ್ಲದೆಂಬುದನ್ನು ಜಗತ್ತಿಗೆ ತೋರಿದ ಊರು ನಮ್ಮದು. ಹೆಸರು ಕಳೆದುಕೊಂಡ ಕೈಗಳನ್ನು ಹುಡುಕುವ ಕೆಲಸ ಇಲ್ಲಿಂದಲೇ ಮೊದಲಾದರೆ ಅದು ಮಸ್ಕಿಗೆ ಒಪ್ಪುವ ಕೆಲಸವಾದೀತು.